ದೇವರಾಜ ಮಾರುಕಟ್ಟೆ: ಗೋಡೆಯ ಜಗಳದಲ್ಲಿ ಮರೆತ ಜಾಗದ ಲೆಕ್ಕ

2016ರ ಆಗಸ್ಟ್ 28, ಭಾನುವಾರ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ದುರಸ್ತಿ ಕಾಮಗಾರಿ ನಡೆದಿದ್ದಾಗಲೇ ಧನ್ವಂತರಿ ರಸ್ತೆ ಕಡೆಯ ಉತ್ತರ ಭಾಗ ಕುಸಿದು ಬಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಇನ್ನು ಈ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೇ ಸರಿ ಎನ್ನುವವರು ಗಟ್ಟಿಯಾಗಿ ಮಾತಾಡತೊಡಗಿದರು. ಬಿದ್ದದ್ದು ಒಂದು ಮೂಲೆ, ಉಳಿದದ್ದನ್ನಾದರೂ ಜೋಪಾನ ಮಾಡಿ ಎನ್ನುವವರೂ ಅಷ್ಟೇ ಗಟ್ಟಿಯಾಗಿ ಎದುರು ನಿಂತರು. ಜಗಳ ಪಾಲಿಕೆಯ ಸಭೆಯಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಊರಿನ ನಟ್ಟನಡುವೆ ಇರುವ ಒಂದು ಮಾರ್ಕೆಟ್ಟು ಏನಾಗಬೇಕು ಎಂಬುದನ್ನು ಊರಿನವರೇ ಕೂತು ತೀರ್ಮಾನಿಸಲು ಆಗಲಿಲ್ಲ.

ಕೆಡವಬೇಕೆನ್ನುವವರ ಭಯವನ್ನು ಹಗುರಾಗಿ ಕಾಣುವಂತಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್ 25ರಂದು, ಹತ್ತಿರದಲ್ಲೇ ಇರುವ ಲ್ಯಾನ್ಸ್‌ಡೌನ್ ಕಟ್ಟಡದ ಚಾವಣಿಯ ಒಂದು ಭಾಗ ಕುಸಿದು ನಾಲ್ವರು ಸತ್ತಿದ್ದರು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಸಾಲು ಮಳಿಗೆಗಳವು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಜಾಗ. ಮೈಸೂರಿನಲ್ಲಿ ಓದಿದ ಎಷ್ಟು ತಲೆಮಾರಿನ ಮಕ್ಕಳು ಅರ್ಧ ಬೆಲೆಗೆ ಅಲ್ಲಿ ಪಠ್ಯಪುಸ್ತಕ ಕೊಂಡಿಲ್ಲ! ಆ ದುರಂತದ ನಂತರ ಅಂಗಡಿಗಳು ಖಾಲಿಯಾದವು, ದುರಸ್ತಿ ಶುರುವಾಗಿ ನಿಂತುಹೋಯಿತು. ಬೀಗ ಹಾಕಿದ ಆ ಸಾಲನ್ನು ದಿನಾ ನೋಡುತ್ತ ಓಡಾಡುವ ಮೈಸೂರಿಗರಿಗೆ ಪಾರಂಪರಿಕ ಕಟ್ಟಡ ಎಂದೊಡನೆ ಹೆಮ್ಮೆಯ ಜೊತೆಗೆ ಅಂಜಿಕೆಯೂ ಬರುವುದು ಸಹಜ.

ದೇವರಾಜ ಮಾರುಕಟ್ಟೆ ಇರುವುದು ಸಯ್ಯಾಜಿರಾವ್ ರಸ್ತೆಯ ಮಗ್ಗುಲಲ್ಲಿ. ದಕ್ಷಿಣಕ್ಕೆ ಚಿಕ್ಕ ಗಡಿಯಾರದ ಗೋಪುರ, ಅದನ್ನು ದಾಟಿದರೆ ಕೆ.ಆರ್. ವೃತ್ತ, ಅರಮನೆ. ಉತ್ತರಕ್ಕೆ ಧನ್ವಂತರಿ ರಸ್ತೆ. ಪಶ್ಚಿಮಕ್ಕೆ ಬಟ್ಟೆಬರೆಯ ವ್ಯಾಪಾರದ ದೇವರಾಜ ಅರಸು ರಸ್ತೆ. ದಸರೆಯಲ್ಲಿ ಜಂಬೂಸವಾರಿ ಸಾಗುವುದು ಈ ಮಾರುಕಟ್ಟೆಯ ಎದುರಿನ ದಾರಿಯಲ್ಲೇ. ದಿವಾನ್ ಪೂರ್ಣಯ್ಯನವರ ಕಾಲದ ನಾಲೆಯನ್ನು ಮುಚ್ಚಿ ಈ ರಸ್ತೆ ಮಾಡಿದರೆಂದು ಊರಿನ ಇತಿಹಾಸ ಬಲ್ಲವರು ಹೇಳುತ್ತಾರೆ. ಮೊದಲು ಇಲ್ಲಿ ಸಂತೆ ಸೇರುತ್ತಿತ್ತು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1886ರ ಸುಮಾರಿಗೆ, ಸಂತೆಗೊಂದು ಸೂರು ಸಿಕ್ಕಿತು. ಚಿಕ್ಕ ಗಡಿಯಾರವೂ ಅದೇ ಕಾಲದ್ದು. ಮುಂದೆ ಮಾರುಕಟ್ಟೆ ಹಂತಹಂತವಾಗಿ ಬೆಳೆಯಿತು. ಇಂದು ಒಳಗೂ ಹೊರಗೂ ಸೇರಿ ಎಂಟುನೂರರ ಆಸುಪಾಸು ಮಳಿಗೆಗಳಿವೆ.

ಒಳಗಿನ ಜೋಡಣೆಯನ್ನು ಗಮನಿಸಬೇಕು. ರಸ್ತೆಗೆ ಮುಖ ಮಾಡಿದ ಅಂಗಡಿಗಳು ಪಾತ್ರೆ, ದಿನಸಿ, ಗ್ರಂಥಿಗೆಯವರವು. ಕಮಾನಿನ ಬಾಗಿಲು ದಾಟಿ ಒಳಗೆ ಹೋದರೆ ಒಂದೊಂದು ಸರಕಿಗೆ ಒಂದೊಂದು ಓಣಿ. ಹೂವಿನ ಸಾಲಿನಲ್ಲಿ ಮೈಸೂರು ಮಲ್ಲಿಗೆಯನ್ನು ಒದ್ದೆ ಬಟ್ಟೆಯ ಮೇಲೆ ಗುಡ್ಡೆ ಹಾಕಿರುತ್ತಾರೆ. ಪಕ್ಕದಲ್ಲೇ ಕನಕಾಂಬರ, ಮರುಗ, ಸೇವಂತಿಗೆ. ಕಟ್ಟಿದ ಮಾಲೆಯನ್ನು ಮೊಳದ ಲೆಕ್ಕದಲ್ಲೂ ಮಾರಿನ ಲೆಕ್ಕದಲ್ಲೂ ಮಾರುತ್ತಾರೆ. ಅಳತೆಗೆ ಮಾರುವವರ ಕೈಯೇ ಸಾಕು. ಬಾಳೆಹಣ್ಣಿನವರ ಸಾಲಿನಲ್ಲಿ ಸೂರಿನ ತೊಲೆಗೆ ಗೊನೆಗಳನ್ನು ನೇತು ಹಾಕಿರುತ್ತಾರೆ. ಏಲಕ್ಕಿ, ಪಚ್ಚಬಾಳೆ, ಸಿಕ್ಕರೆ ನಂಜನಗೂಡಿನ ರಸಬಾಳೆ. ವೀಳ್ಯದೆಲೆಯವರು ಎಲೆಯ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತ ಕೂತಿರುತ್ತಾರೆ. ಅರಿಸಿನ, ಕುಂಕುಮ, ರಂಗೋಲಿ ಬಣ್ಣಗಳನ್ನು ತಟ್ಟೆಯ ಮೇಲೆ ಶಿಖರದಂತೆ ಒಟ್ಟಿಡುವ ಅಂಗಡಿಗಳ ಮುಂದೆ ವಿದೇಶಿಯರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಸರ್ಕಾರ ಭೌಗೋಳಿಕ ಸೂಚಿಕೆಯ ಮಾನ್ಯತೆ ಕೊಟ್ಟಿದೆ. ಆ ಮೂರೂ ಬೆಳೆಯುವವನ ಕೈಯಿಂದ ಊರಿನ ಮನೆಗೆ ಹೋಗುವ ಹಳೆಯ ದಾರಿ ಈ ಓಣಿಗಳೇ.

ತಲೆ ಎತ್ತಿ ನೋಡಿದರೆ ಬೇರೆಯೇ ಚಿತ್ರ. ಗಿಲಾವು ಉದುರಿ ಇಟ್ಟಿಗೆ ಕಾಣುವ ಕಂಬಗಳು. ಕೈಪಿಡಿಗೋಡೆಯ ಬಿರುಕಿನಲ್ಲಿ ಬೇರು ಬಿಟ್ಟ ಅರಳಿ ಸಸಿ. ಹೆಂಚು ಹೋದ ಕಡೆ ತಗಡು, ತಗಡು ತೂತಾದ ಕಡೆ ಪ್ಲಾಸ್ಟಿಕ್ ಹಾಳೆ. ವಿದ್ಯುತ್ ತಂತಿಗಳು ಒಂದರ ಮೇಲೊಂದು ಹೆಣೆದುಕೊಂಡಿವೆ. ಮಳೆಗಾಲದಲ್ಲಿ ಓಣಿಯ ನೀರು ಚರಂಡಿಗೆ ಹೋಗದೆ ತಳಪಾಯದ ಕಡೆಗೇ ಇಳಿಯುತ್ತದೆ.

ಇದನ್ನು ಕಂಡವರು ಕಟ್ಟಡಕ್ಕೆ ವಯಸ್ಸಾಗಿದೆ ಎನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡ ಸಾಯುವುದಕ್ಕೆ ಖಚಿತವಾದ ಕಾರಣಗಳಿರುತ್ತವೆ. ಸುಣ್ಣದ ಗಾರೆ ನೀರನ್ನು ಹೀರಿಕೊಂಡು ಮತ್ತೆ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ಒಳಗೆ ಸೇರಿದ ತೇವ ಹೊರಬರಲಾರದೆ ಗೋಡೆಯಲ್ಲೇ ಕೂರುತ್ತದೆ, ಗಾರೆ ಪುಡಿಯಾಗುತ್ತದೆ, ಇಟ್ಟಿಗೆಗಳ ಹಿಡಿತ ಸಡಿಲವಾಗುತ್ತದೆ. ಆ ಕಾಲದ ತಾರಸಿಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಚ್ಚು ಹಾಕುತ್ತಿದ್ದರು. ಗೋಡೆಯೊಳಗೆ ಹೂತ ತೊಲೆಯ ತುದಿಗೆ ನೀರು ತಗುಲಿದರೆ ಮರ ಅಲ್ಲಿಂದಲೇ ಕೊಳೆಯುತ್ತದೆ. ಕೆಳಗೆ ನಿಂತವನಿಗೆ ನಡುಭಾಗ ಗಟ್ಟಿಮುಟ್ಟಾಗಿಯೇ ಕಾಣುತ್ತಿರುತ್ತದೆ. ಅದರ ಜೊತೆಗೆ ಬಾಡಿಗೆದಾರರು ಅಂಗಡಿ ದೊಡ್ಡದು ಮಾಡಲು ನಡುಗೋಡೆ ಒಡೆಯುತ್ತಾರೆ, ಅಟ್ಟ ಕಟ್ಟಿ ಮೂಟೆ ಪೇರಿಸುತ್ತಾರೆ. ಭಾರ ಹೊರುವ ಗೋಡೆಯ ಕಟ್ಟಡದಲ್ಲಿ ಒಬ್ಬ ತೆಗೆದ ಗೋಡೆಯ ಭಾರ ಪಕ್ಕದವನ ತಲೆಯ ಮೇಲೆ ಬೀಳುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಸಸಿ ಕೀಳುವುದು, ನೀರಿನ ತೂಬು ಬಿಡಿಸುವುದು, ಗಾರೆಯನ್ನು ಗಾರೆಯಿಂದಲೇ ತೇಪೆ ಹಾಕುವುದು, ಇಷ್ಟು ನಡೆದಿದ್ದರೆ ನೂರಮೂವತ್ತು ವರ್ಷ ಹೆಚ್ಚೇನೂ ಅಲ್ಲ. ಪುಣೆಯ ಮಹಾತ್ಮ ಫುಲೆ ಮಂಡಿಯೂ ಇದೇ 1886ರದು. ಅದರ ಸೂರಿನಡಿ ಇಂದಿಗೂ ತರಕಾರಿ ವ್ಯಾಪಾರ ನಡೆಯುತ್ತಿದೆ.

ಹಾಗಾದರೆ ಹೊಣೆ ಯಾರದು? ಮಾಲೀಕ ಪಾಲಿಕೆ. ಆದರೆ ಮಳಿಗೆಗಳ ಬಾಡಿಗೆ ಪಕ್ಕದ ಅರಸು ರಸ್ತೆಯ ಬಾಡಿಗೆಯ ಹತ್ತಿರಕ್ಕೂ ಬರುವುದಿಲ್ಲ. ಬಾಡಿಗೆ ಏರಿಸಿದರೆ ತಕರಾರು, ಏರಿಸದಿದ್ದರೆ ದುರಸ್ತಿಗೆ ದುಡ್ಡಿಲ್ಲ ಎಂಬ ನೆಪ. ಮೂಲ ಬಾಡಿಗೆದಾರನ ಹೆಸರಿನಲ್ಲಿ ಇನ್ನಾರೋ ವ್ಯಾಪಾರ ಮಾಡುವ ಒಳಬಾಡಿಗೆ ಬೇರೆ. ಮೈಸೂರಿನಲ್ಲಿ 131 ಪಾರಂಪರಿಕ ಕಟ್ಟಡಗಳನ್ನು ಗುರುತಿಸಿ ಪಟ್ಟಿ ಮಾಡಿದರು, ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಪಾರಂಪರಿಕ ಸಮಿತಿ ಮಾಡಿದರು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಚಾವಣಿ ಸೋರುವುದು ನಿಲ್ಲುವುದಿಲ್ಲ. ಪ್ರತಿ ಕಟ್ಟಡಕ್ಕೂ ವರ್ಷಕ್ಕಿಷ್ಟು ನಿರ್ವಹಣೆಯ ಹಣ, ಅದಕ್ಕೊಬ್ಬ ಜವಾಬ್ದಾರಿಯ ಎಂಜಿನಿಯರ್, ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು ಇಲ್ಲದಿದ್ದರೆ ಆ ಪಟ್ಟಿ ಕಡತದಲ್ಲೇ ಉಳಿಯುತ್ತದೆ. ದುರಸ್ತಿ ಮಾಡದೆ ಬಿಟ್ಟ ಪ್ರತಿ ವರ್ಷವೂ ಕೆಡವುವ ಕಡೆಗೆ ಇಟ್ಟ ಒಂದು ಹೆಜ್ಜೆ. ಅದಕ್ಕೆ ಯಾರೂ ಠರಾವು ಮಾಡಬೇಕಿಲ್ಲ, ಯಾರ ಸಹಿಯೂ ಬೇಕಿಲ್ಲ.

ತಜ್ಞರು ಒಂದೇ ಮಾತು ಹೇಳಿದ್ದರೆ ವಿವಾದ ಇಷ್ಟು ಎಳೆಯುತ್ತಿರಲಿಲ್ಲ. ಸಂರಕ್ಷಣೆಯ ಕೆಲಸದಲ್ಲಿರುವ ಇಂಟ್ಯಾಕ್ ಸಂಸ್ಥೆಯ ವರದಿ ಕಟ್ಟಡವನ್ನು ಉಳಿಸಿಕೊಳ್ಳಬಹುದೆಂದಿತು. ಪ್ರೊ. ಎನ್.ಎಸ್. ರಂಗರಾಜು ಅವರಂಥ ಪರಂಪರೆಯ ತಜ್ಞರು ದುರಸ್ತಿಯೇ ದಾರಿ ಎಂದು ಬಹಿರಂಗವಾಗಿ ಹೇಳುತ್ತ ಬಂದರು. ರಾಜವಂಶಸ್ಥರಾದ ಪ್ರಮೋದಾದೇವಿ ಒಡೆಯರ್ ಕೆಡವುವುದನ್ನು ವಿರೋಧಿಸಿದರು. ಸರ್ಕಾರದ ಕಡೆಯ ತಜ್ಞರ ಸಮಿತಿ ಮಾತ್ರ ಕೆಡವಿ ಅದೇ ಮಾದರಿಯಲ್ಲಿ ಕಟ್ಟಿ ಎಂದಿತು. 2023ರಲ್ಲಿ ಹೈಕೋರ್ಟ್ ಆ ವರದಿಯನ್ನು ಒಪ್ಪಿ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಎರಡೂ ಕಟ್ಟಡಗಳನ್ನು ಕೆಡವಿ ಮರುನಿರ್ಮಿಸಲು ದಾರಿ ಮಾಡಿಕೊಟ್ಟಿತು. ನ್ಯಾಯಾಲಯ ತನ್ನ ಮುಂದಿದ್ದ ತಜ್ಞರ ಅಭಿಪ್ರಾಯದ ಮೇಲೆ, ಜನರ ಸುರಕ್ಷತೆಯ ದೃಷ್ಟಿಯಿಂದ ತೀರ್ಪು ಕೊಡಬೇಕಾಗುತ್ತದೆ. ಅದನ್ನು ದೂರುವಂತಿಲ್ಲ. ಆದರೆ ನ್ಯಾಯಾಲಯದ ಮುಂದೆ ಬಂದ ಪ್ರಶ್ನೆ ಗೋಡೆಗಳದು. ಗೋಡೆ ನಿಲ್ಲುತ್ತದೆಯೇ, ಬೀಳುತ್ತದೆಯೇ? ಆ ಗೋಡೆಗಳ ನಡುವೆ ಯಾರು ಎಲ್ಲಿ ಕೂರುತ್ತಾರೆ, ನಾಳೆ ಎಲ್ಲಿ ಕೂರುತ್ತಾರೆ ಎಂಬುದನ್ನು ಯಾರೂ ಅಷ್ಟೇ ಶ್ರದ್ಧೆಯಿಂದ ಅಳೆಯಲಿಲ್ಲ.

ನಿಜವಾದ ಜಗಳ ಇರುವುದು ಅಲ್ಲಿ. ವ್ಯಾಪಾರಿಗಳ ಮಾತನ್ನು ತಾಳ್ಮೆಯಿಂದ ಕೇಳಿದರೆ ಅವರಲ್ಲಿ ಬಹಳ ಮಂದಿಗೆ ಕಮಾನುಗಳ ಮೇಲಿನ ಮೋಹಕ್ಕಿಂತ ಹೆಚ್ಚಾಗಿರುವುದು ಜಾಗದ ಚಿಂತೆ. ಕೆಡವಿದ ಮೇಲೆ ಎಷ್ಟು ವರ್ಷ ಹೊರಗೆ? ಅಷ್ಟು ದಿನ ವ್ಯಾಪಾರ ಎಲ್ಲಿ? ವಾಪಸ್ ಬರುವಾಗ ಅದೇ ಜಾಗ ಸಿಗುತ್ತದೆಯೇ, ಮೇಲಿನ ಮಹಡಿಯೇ? ಬಾಡಿಗೆ ಎಷ್ಟು? ಬಾಯಿಮಾತಿನ ಭರವಸೆಯನ್ನು ಅವರು ನಂಬದಿರುವುದಕ್ಕೆ ಊರಿನಲ್ಲೇ ಕಾರಣಗಳಿವೆ. ಮಕ್ಕಾಜಿ ಚೌಕದಲ್ಲಿ ಹಳೆಯ ಮಾರುಕಟ್ಟೆಯ ಜಾಗದಲ್ಲಿ ಖಾಸಗಿ ಸಹಭಾಗಿತ್ವದ ವಾಣಿಜ್ಯ ಸಂಕೀರ್ಣ ಎಂದು ಹೊರಟದ್ದು ವರ್ಷಾನುಗಟ್ಟಲೆ ನೆನೆಗುದಿಗೆ ಬಿತ್ತು. 1884ರ ರಂಗಾಚಾರ್ಲು ಪುರಭವನದ ಅಂಗಳದಲ್ಲಿ ನೆಲದಡಿ ಪಾರ್ಕಿಂಗ್ ಕಟ್ಟಲು ಹೋಗಿ ಕೆಲಸ ಕುಂಟುತ್ತ ಸಾಗಿದ್ದನ್ನು ಎಲ್ಲರೂ ಕಂಡಿದ್ದಾರೆ. ಎರಡೂ ಮಾರುಕಟ್ಟೆಯಿಂದ ಕೂಗಳತೆಯ ದೂರದಲ್ಲಿವೆ. ದಿನದ ಗಳಿಕೆಯನ್ನು ಅದೇ ದಿನ ಮನೆಗೆ ಒಯ್ಯುವವನಿಗೆ ‘ಎರಡು ವರ್ಷದಲ್ಲಿ ಮುಗಿಸುತ್ತೇವೆ’ ಎಂಬ ಮಾತು ಧೈರ್ಯ ಕೊಡುವುದಿಲ್ಲ.

ಬಾಡಿಗೆ ಪತ್ರ ಇರುವವರ ಪಾಡು ಹೀಗಾದರೆ, ಪತ್ರವೇ ಇಲ್ಲದವರ ಗತಿ? ಕಂಬದ ಬುಡದಲ್ಲಿ ಮೊರದಷ್ಟು ಜಾಗದಲ್ಲಿ ಬಿಡಿ ಹೂ ಇಟ್ಟುಕೊಂಡು ಕೂತ ಅಜ್ಜಿ, ಬಾಗಿಲ ಬಳಿ ನಿಂಬೆಹಣ್ಣು, ಕರಿಬೇವು, ಕೊತ್ತಂಬರಿ ಮಾರುವವರು, ತಲೆಹೊರೆ ಹೊರುವ ಕೂಲಿಗಳು, ಬೆಳಗಿನ ಜಾವ ಹಳ್ಳಿಯಿಂದ ಚೀಲ ತಂದು ಮಾರಿ ಹತ್ತು ಗಂಟೆಗೆ ಬಸ್ಸು ಹತ್ತುವ ಹೆಂಗಸರು. ಮರುನಿರ್ಮಾಣದ ನಕ್ಷೆಯಲ್ಲಿ ಮಳಿಗೆಗೆ ಸಂಖ್ಯೆ ಇರುತ್ತದೆ, ಕಂಬದ ಬುಡಕ್ಕೆ ಇರುವುದಿಲ್ಲ. ಹಳೆಯ ಮಾರುಕಟ್ಟೆ ಇವರಿಗೆಲ್ಲ ಜಾಗ ಕೊಟ್ಟಿದ್ದು ಅದರ ನೆಲ ರಸ್ತೆಯ ಮಟ್ಟದಲ್ಲಿದೆ, ಬಾಗಿಲುಗಳು ನಾಲ್ಕೂ ಕಡೆಗಿವೆ, ಓಣಿಗಳು ತೆರೆದಿವೆ ಎಂಬ ಕಾರಣಕ್ಕೆ. ಯಾರನ್ನೂ ಕೇಳದೆ ಒಳಗೆ ಬಂದು ಕೂರಬಹುದು. ಆ ಅನುಕೂಲವನ್ನು ಕಳೆದುಕೊಂಡ ಕಟ್ಟಡ ಎಷ್ಟು ಕಮಾನು ಹೊತ್ತರೂ ಹಳೆಯ ಮಾದರಿಯದಾಗುವುದಿಲ್ಲ.

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಇದಕ್ಕೆ ಕಣ್ಣೆದುರಿನ ಪಾಠ. 1928ರ ಹಳೆಯ ಕಟ್ಟಡದ ಮುಂದಿನ, ಹಿಂದಿನ ಭಾಗ ಉಳಿಸಿ, ನಡುವೆ 1990ರ ದಶಕದಲ್ಲಿ ಬಹುಮಹಡಿ ಕಟ್ಟಿದರು. ಹೂವು, ತರಕಾರಿ ಕೆಳಗಿನ ಹಂತದಲ್ಲೇ ಕಿಕ್ಕಿರಿದವು. ರಸ್ತೆಯಲ್ಲಿ ಕೂತು ಮಾರುವವರು ರಸ್ತೆಯಲ್ಲೇ ಉಳಿದರು. ತಲೆಯ ಮೇಲೆ ಬುಟ್ಟಿ ಹೊತ್ತವರು ಮಹಡಿ ಹತ್ತುವುದಿಲ್ಲ, ಅರ್ಧ ಕೆ.ಜಿ. ಬೀನ್ಸಿಗೆ ಬಂದ ಗಿರಾಕಿಯೂ ಹತ್ತುವುದಿಲ್ಲ. ಮುಂಬಯಿಯವರು ಬೇರೆ ಹಾದಿ ಹಿಡಿದರು. 1869ರ ಕ್ರಾಫರ್ಡ್ ಮಾರುಕಟ್ಟೆಯ ಹಳೆಯ ಕಲ್ಲಿನ ಕಟ್ಟಡವನ್ನು ಉಳಿಸಿಕೊಂಡು ದುರಸ್ತಿ ಮಾಡಿದರು, ಆವರಣದ ಉಳಿದ ಜಾಗದಲ್ಲಿ ಹೊಸ ಕಟ್ಟಡಕ್ಕೆ ಕೈ ಹಾಕಿದರು, ಎಲ್ಲವನ್ನೂ ಹಂತಹಂತವಾಗಿ. ಅಲ್ಲಿಯೂ ತಡವಾಯಿತು, ತಕರಾರು ಬಂತು. ಆದರೂ ಇಡೀ ಮಾರುಕಟ್ಟೆಯನ್ನು ಒಂದೇ ಸಲ ಎಬ್ಬಿಸಲಿಲ್ಲ.

ಊರಿನ ಇನ್ನೊಂದು ವರ್ಗದ ಮಾತನ್ನೂ ಹೇಳಬೇಕು. ಹೊರಬಡಾವಣೆಗಳಲ್ಲಿ ಮನೆ ಮಾಡಿಕೊಂಡವರಿಗೆ ಸಯ್ಯಾಜಿರಾವ್ ರಸ್ತೆಗೆ ಬರುವುದೇ ರಗಳೆ. ಕಾರು ನಿಲ್ಲಿಸಲು ಜಾಗವಿಲ್ಲ, ಫುಟ್‌ಪಾತ್ ಮೇಲೆ ಅಂಗಡಿ, ಒಳಗೆ ಕೆಸರು. ಕೆಳಗೆ ಪಾರ್ಕಿಂಗ್, ಮೇಲೆ ಸ್ವಚ್ಛವಾದ ಮಳಿಗೆ ಆಗಲಿ ಎಂದು ಅವರು ಬಯಸುವುದರಲ್ಲಿ ದುರುದ್ದೇಶವೇನೂ ಇಲ್ಲ. ಆದರೆ ಮಾರುಕಟ್ಟೆಯ ಕೆಳಗೆ ಕಾರು ನಿಲ್ಲಿಸಲು ಜಾಗ ಮಾಡಿದರೆ ಇದೇ ರಸ್ತೆಗೆ ಇನ್ನಷ್ಟು ಕಾರು ಬರುತ್ತವೆ. ಇಕ್ಕೆಲದಲ್ಲೂ ಕಟ್ಟಡಗಳಿರುವ ರಸ್ತೆ ಅಗಲವಾಗುವುದಿಲ್ಲ. ನಗರ ಬಸ್ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಗಿರಾಕಿಗಳಲ್ಲಿ ದೊಡ್ಡ ಪಾಲು ಬಸ್ಸಿನಲ್ಲಿ ಬರುವವರೇ. ಯಾರ ಅನುಕೂಲಕ್ಕೆ ಊರಿನ ನಡುಮಧ್ಯವನ್ನು ರೂಪಿಸುತ್ತೇವೆ ಎಂಬುದನ್ನು ನೇರವಾಗಿ ಚರ್ಚಿಸಬೇಕು. ಪಾರ್ಕಿಂಗ್ ಎಂಬ ಹೆಸರಿನಲ್ಲಿ ಅದು ತಾನಾಗಿ ತೀರ್ಮಾನವಾಗಬಾರದು.

ಒಮ್ಮೆ ಇಲ್ಲಿ ಕೆಡವಿ ಕಟ್ಟುವುದು ವಾಡಿಕೆಯಾದರೆ ಅಕ್ಕಪಕ್ಕದ ಖಾಸಗಿ ಜಾಗಗಳ ಮೇಲೂ ಒತ್ತಡ ಬೀಳುತ್ತದೆ. ಒಂದು ನಿವೇಶನದಲ್ಲಿ ಎಷ್ಟು ಚದರ ಅಡಿ ಕಟ್ಟಬಹುದೆಂಬ ಎಫ್‌ಎಆರ್ ಲೆಕ್ಕ, ಯಾವ ಜಾಗ ವಸತಿಗೆ, ಯಾವುದು ವಾಣಿಜ್ಯಕ್ಕೆ ಎಂದು ಮಹಾಯೋಜನೆಯಲ್ಲಿ ಬಳಿದ ಬಣ್ಣ, ಇವೇ ಮುಂದೆ ಬೀದಿಯ ಸ್ವರೂಪವನ್ನು ನಿರ್ಧರಿಸುತ್ತವೆ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಮಹಾಯೋಜನೆ ವಸತಿ ಬೀದಿಗಳಲ್ಲಿ ವಾಣಿಜ್ಯಕ್ಕೆ ಅವಕಾಶ ಕೊಟ್ಟ ಮೇಲೆ ಇಂದಿರಾನಗರ, ಕೋರಮಂಗಲದ ನಿವಾಸಿಗಳು ವರ್ಷಗಳ ಕಾಲ ಹೋರಾಡಬೇಕಾಯಿತು. ಮೈಸೂರಿಗೆ ಈ ವಿಷಯದಲ್ಲಿ ಹಳೆಯ ಅನುಭವವಿದೆ. ಪ್ಲೇಗಿನ ಹಾವಳಿಯ ನಂತರ, 1903ರಲ್ಲೇ, ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಸ್ಥಾಪಿಸಿ ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆ ಮಾಡಿದ್ದರು. ಆಗ ಕೆಡವಿದ್ದರ ಜೊತೆಗೇ ಎಬ್ಬಿಸಿದವರಿಗೆ ಎಲ್ಲಿ ಜಾಗ ಎಂಬ ಯೋಚನೆಯೂ ಇತ್ತು.

ನನ್ನ ನಿಲುವು ಇದು. ಪಾಯ ಸಡಿಲವಾದ ಭಾಗ ಯಾವುದು, ಗಟ್ಟಿಯಾಗಿರುವುದು ಯಾವುದು ಎಂದು ಕಂಬ ಕಂಬವನ್ನೂ ಪರೀಕ್ಷಿಸಿ ಗುರುತು ಹಾಕಬೇಕು. ಅಪಾಯದ ಭಾಗದಿಂದ ಜನರನ್ನು ಇವತ್ತೇ ಸರಿಸಬೇಕು, ಅದರಲ್ಲಿ ರಾಜಿಯಿಲ್ಲ. ಲ್ಯಾನ್ಸ್‌ಡೌನ್‌ನಲ್ಲಿ ಸತ್ತ ನಾಲ್ವರಿಗಿಂತ ಯಾವ ಕಮಾನೂ ದೊಡ್ಡದಲ್ಲ. ಉಳಿದದ್ದನ್ನು ಒಂದೊಂದು ಸಾಲಿನಂತೆ ದುರಸ್ತಿ ಮಾಡಬೇಕು. ಒಂದು ಸಾಲಿನವರು ಪಕ್ಕದ ತಾತ್ಕಾಲಿಕ ಜಾಗಕ್ಕೆ ಹೋಗಿ, ಕೆಲಸ ಮುಗಿದೊಡನೆ ಹಿಂದಿರುಗಿದ ಮೇಲೆ ಮುಂದಿನ ಸಾಲು. ಕೆಡವುವುದೇ ಸುರಕ್ಷಿತ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2022ರ ಅಕ್ಟೋಬರಿನಲ್ಲಿ ಇದೇ ಊರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿದಾಗ ಯಾರೂ ಸಾಯಲಿಲ್ಲ. 2025ರ ಜನವರಿಯಲ್ಲಿ ಅಲ್ಲಿ ಹಳೆಯ ಕಟ್ಟಡ ಕೆಡವುವ ಕೆಲಸ ನಡೆದಾಗ ಕಾರ್ಮಿಕರೊಬ್ಬರು ಅವಶೇಷದಡಿ ಸಿಕ್ಕಿ ಪ್ರಾಣ ಕಳೆದುಕೊಂಡರು.

ಯಾವ ಹಾದಿ ಹಿಡಿದರೂ, ಕೊನೆಗೆ ಕೆಡವಿಯೇ ಕಟ್ಟುವುದಾದರೂ, ಮೊದಲು ಆಗಬೇಕಾದ ಒಂದು ಕೆಲಸವಿದೆ. ಬೆಳಗಿನ ಜಾವದಿಂದ ರಾತ್ರಿ ಬಾಗಿಲು ಹಾಕುವವರೆಗೆ ಮಾರುಕಟ್ಟೆಯ ಒಳಗೂ ಸುತ್ತಲೂ ಯಾರು ಎಲ್ಲಿ ಕೂತು ಏನು ಮಾರುತ್ತಾರೆಂದು ಹೆಸರು, ಜಾಗ, ಹೊತ್ತು ಸಮೇತ ದಾಖಲಿಸಬೇಕು. ಬಾಡಿಗೆ ಪತ್ರ ಇರುವವರು, ಒಳಬಾಡಿಗೆಯವರು, ನೆಲದ ಮೇಲೆ ಕೂತವರು, ಎಲ್ಲರನ್ನೂ. ಮರಳಿ ಬರುವ ಹಕ್ಕು, ಕಟ್ಟಬೇಕಾದ ಬಾಡಿಗೆ, ತಾತ್ಕಾಲಿಕ ಜಾಗ, ಕೆಲಸ ತಡವಾದರೆ ಪರಿಹಾರ, ಇಷ್ಟನ್ನೂ ಕನ್ನಡದಲ್ಲಿ ಬರೆದು ಪ್ರತಿಯೊಬ್ಬರ ಕೈಗೆ ಕೊಡಬೇಕು. ಇದಕ್ಕೆ ಕಾನೂನಿನ ಬಲವೂ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ರಚಿಸಿ ಸಮೀಕ್ಷೆ ಮಾಡಬೇಕೆನ್ನುತ್ತದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬೀದಿ ವ್ಯಾಪಾರ ನಡೆದು ಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಬೇರೆಡೆಗೆ ಸಾಗಿಸಬಾರದು ಎಂದು ಅದರ ಅನುಸೂಚಿಯಲ್ಲಿದೆ. ಕಟ್ಟಡದ ಪರಂಪರೆಯ ಬಗ್ಗೆ ಇಷ್ಟು ವರ್ಷ ವಾದಿಸಿದ ನಾವು, ಕೂತು ಮಾರುವವರಿಗೂ ಅದೇ ಮಾತನ್ನು ಅನ್ವಯಿಸುವ ಈ ಸಾಲುಗಳನ್ನು ಹಿಡಿದು ಪಾಲಿಕೆಯ ಬಾಗಿಲಿಗೆ ಹೋಗಬೇಕು. ಚಿಕ್ಕ ಗಡಿಯಾರದ ಸುತ್ತ, ಮಾರುಕಟ್ಟೆಯ ದಕ್ಷಿಣದ ಬಾಗಿಲಿನಲ್ಲಿ ಕೂರುವವರಿಂದ ಆ ಸಮೀಕ್ಷೆ ಶುರುವಾಗಲಿ. ಮುಂದಿನ ಟೆಂಡರ್ ಕರೆಯುವ ಮುನ್ನ ಆ ಪಟ್ಟಿ ಮಾರುಕಟ್ಟೆಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಅಂಟಿರಲಿ.